ಮೊಬೈಲ್ ಕಿತ್ತುಕೊಂಡರೆ ಸಾಲದು

ಅರಕಲಗೂಡಿನಿಂದಲೋ ಸಕಲೇಶಪುರದಿಂದಲೋ ಹಾಸನಕ್ಕೆ ಓದಲು ಬಂದ ಹುಡುಗ ರಾತ್ರಿ ಎರಡಾದರೂ ಹಾಸ್ಟೆಲಿನಲ್ಲಿ ರೀಲ್ಸ್ ನೋಡುತ್ತ ಕೂತಿರುತ್ತಾನೆ. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ‘ಏನಾಗೈತ್ಲಾ ನಿಂಗೆ?’ ಎಂದರೆ ‘ಏನಿಲ್ಲ ಬುಡಪ್ಪ’ ಎನ್ನುತ್ತಾನೆ. ಯಾರದೋ ಕಣ್ಣು ಬಿದ್ದಿದೆಯೆಂದು ದೃಷ್ಟಿ ತೆಗೆಸಿ, ತಾಯತ ಕಟ್ಟಿಸಿ, ಕೊನೆಗೆ ಮೊಬೈಲ್ ಕಿತ್ತಿಟ್ಟುಕೊಳ್ಳುತ್ತಾರೆ. ಹುಡುಗ ಸುಳ್ಳು ಹೇಳಿರಲಿಕ್ಕಿಲ್ಲ. ಒಳಗೆ ಏನಾಗುತ್ತಿದೆಯೆಂಬುದು ಅವನಿಗೇ ತಿಳಿಯದಿರಬಹುದು.

ತನ್ನ ಭಾವನೆಯನ್ನು ಗುರುತಿಸಲು, ಮಾತಿನಲ್ಲಿ ಹೇಳಲು ಆಗದ ಈ ಸ್ಥಿತಿಗೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಬೋಸ್ಟನ್ನಿನ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಆರಂಭದಲ್ಲಿ ಇಟ್ಟ ಹೆಸರು. ಮೈನೋವುಗಳನ್ನು ವಿವರವಾಗಿ ಹೇಳಿ, ಮನಸ್ಸಿನ ಬಗ್ಗೆ ಕೇಳಿದರೆ ಸುಮ್ಮನಾಗುತ್ತಿದ್ದ ರೋಗಿಗಳನ್ನು ಅವರು ಕಂಡಿದ್ದರು. ಇದು ಕಾಯಿಲೆಯಲ್ಲ, ಸ್ವಭಾವದ ಒಂದು ಲಕ್ಷಣ. ಸುಮಾರು ಹತ್ತರಲ್ಲೊಬ್ಬರಲ್ಲಿ ಗಾಢವಾಗಿರುತ್ತದೆ. ಇದನ್ನು ಅಳೆಯುವ ಪ್ರಶ್ನಾವಳಿಯಾದ ಟೊರಾಂಟೊ ಮಾಪಕದಲ್ಲಿ 20 ವಾಕ್ಯಗಳಿವೆ, ಅಂಕ 20ರಿಂದ 100. 61 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನಿಸಬೇಕು.

ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂತು ಎನ್ನಿ. ಎದೆ ಬಿಗಿಯುತ್ತದೆ, ಹೊಟ್ಟೆಯಲ್ಲಿ ತಳಮಳ. ‘ನನಗೆ ಅವಮಾನವಾಗಿದೆ’ ಎಂದು ಗೊತ್ತಾದವನು ಗೆಳೆಯನಿಗೆ ಹೇಳಿಕೊಳ್ಳುತ್ತಾನೆ, ಮೇಷ್ಟ್ರನ್ನು ಕಾಣುತ್ತಾನೆ. ಗೊತ್ತಾಗದವನಿಗೆ ಉಳಿಯುವುದು ಬರೀ ಮೈಯ ಕಸಿವಿಸಿ. ಮೊಬೈಲ್ ಕೈಗೆತ್ತಿಕೊಂಡರೆ ಅರೆಕ್ಷಣದಲ್ಲಿ ಅದು ಅಡಗುತ್ತದೆ. ಕಸಿವಿಸಿಯನ್ನು ಓಡಿಸಿದ್ದು ಯಾವುದೋ ಅದನ್ನೇ ಮಿದುಳು ಕಲಿತುಕೊಳ್ಳುತ್ತದೆ. ಮುಂದಿನ ಸಲ ಯೋಚನೆಗೆ ಮೊದಲೇ ಕೈ ಜೇಬಿಗೆ ಹೋಗಿರುತ್ತದೆ. ಹುಳುಕು ಹಲ್ಲಿಗೆ ಲವಂಗ ಒತ್ತಿದ ಹಾಗೆ, ನೋವು ಹೋಯಿತು, ಹುಳುಕು ಬೆಳೆಯುತ್ತಲೇ ಇದೆ. ಗುರುತಿಸುವ ಅಭ್ಯಾಸವಂತೂ ಬೀಳುವುದೇ ಇಲ್ಲ. ಹಲವು ದೇಶಗಳ ವಿದ್ಯಾರ್ಥಿಗಳಲ್ಲಿ ಅಲೆಕ್ಸಿಥೈಮಿಯಾ, ಮೊಬೈಲ್ ಗೀಳು ಎರಡೂ ಜೊತೆಯಾಗಿ ಕಂಡಿವೆ. ಹೆಚ್ಚಿನವು ಒಂದೇ ಸಲ ಮಾಡಿದ ಸಮೀಕ್ಷೆಗಳಾದ್ದರಿಂದ ಯಾವುದು ಮೊದಲು ಎಂದು ಅವುಗಳಿಂದ ತೀರ್ಮಾನಿಸಲಾಗದು.

ಒಳಗಿನ ಕಸಿವಿಸಿ ಗುರುತಾಗದೇ ಇರುವುದರಿಂದಲೇ ಮೊಬೈಲ್ ಕಿತ್ತುಕೊಂಡರೆ ಎದೆಯ ಬಿಗಿತ ಅಲ್ಲೇ ಉಳಿದು ರೇಗಾಟವಾಗುತ್ತದೆ, ಇಲ್ಲವೇ ರೂಮ್‌ಮೇಟ್ ಫೋನಿಗೆ ಕೈಯೊಡ್ಡುವಂತಾಗುತ್ತದೆ.

ಭಾವನೆಗೆ ಹೆಸರು ಕೊಡುವುದೇ ಒಂದು ಉಪಶಮನ. ಕ್ಯಾಲಿಫೋರ್ನಿಯಾದಲ್ಲಿ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟಿನ ಅಥವಾ ಭಯದ ಮುಖ ನೋಡಿ ಆ ಭಾವನೆಯ ಹೆಸರನ್ನು ಆರಿಸಿದಾಗ ಭಯ, ಅಪಾಯಕ್ಕೆ ಸ್ಪಂದಿಸುವ ಮಿದುಳಿನ ಭಾಗವಾದ ಅಮಿಗ್ಡಲದ ಚಟುವಟಿಕೆ ತಗ್ಗಿತು.

ರೂಢಿ ಮಾಡಿಕೊಳ್ಳಲು ಪುಟ್ಟ ನೋಟ್‌ಬುಕ್ ಸಾಕು. ಫೋನ್ ಮುಟ್ಟುವ ಮುನ್ನ ಒಂದೇ ಸಾಲು: ಗಂಟೆ, ಈಗಷ್ಟೇ ಏನು ನಡೆಯಿತು, ಮೈಯಲ್ಲಿ ಎಲ್ಲಿ ಕಸಿವಿಸಿ, ಸೊನ್ನೆಯಿಂದ ಹತ್ತರಲ್ಲಿ ಅದು ಎಷ್ಟು, ಆ ಭಾವನೆಯ ಹೆಸರೇನು. ಮೊದಮೊದಲು ಹೆಸರಿನ ಜಾಗ ಖಾಲಿ ಇರಲಿ, ಮೈಯ ಜಾಗ ಮಾತ್ರ ಬಿಡಬಾರದು. ದಿನವೂ ‘ಟೆನ್ಷನ್’ ಎಂದೇ ಬರೆದರೆ ಅಲ್ಲಿಗೆ ನಿಲ್ಲಿಸದೆ ಹೆದರಿಕೆಯೇ, ಹೊಟ್ಟೆಕಿಚ್ಚೇ, ಮನೆ ನೆನಪೇ ಎಂದು ಆರಿಸಬೇಕು. ಫೋನಿನಲ್ಲೇ ಬರೆಯಹೊರಟರೆ ನೋಟಿಫಿಕೇಶನ್ ಎಳೆದೊಯ್ಯುತ್ತದೆ. ಅಪ್ಪ ಅಮ್ಮ ಆ ಪುಸ್ತಕ ತೆರೆಯಲೇಬಾರದು. ತೆರೆದರೆ ಮಗ ಅವರಿಗಾಗಿ ಬರೆಯಲು ಶುರುಮಾಡುತ್ತಾನೆ.

ನಿದ್ದೆ, ಹಾಜರಾತಿ ಎರಡೂ ಕೈತಪ್ಪಿದ್ದರೆ ನೋಟ್‌ಬುಕ್ ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ ಶಟ್ (SHUT) ಕ್ಲಿನಿಕ್ 2014ರಿಂದ ನಡೆಯುತ್ತಿದೆ.