ಇ-ರೀಡರ್ ಕೊಳ್ಳುವ ಮುನ್ನ ಒತ್ತಕ್ಷರ ನೋಡಿ

ಮನೆಗಳಿಗೆ ಎರವಲು ಕೊಡಲು ಇ-ರೀಡರ್ (ಇ-ಪುಸ್ತಕ ಓದುವ ಮೆಷಿನ್) ತೆಗೆದುಕೊಳ್ಳುವ ಗ್ರಂಥಾಲಯದವರು ಮೊದಲು ಕೇಳುವುದು ಬೆಲೆ, ಆಮೇಲೆ ಎಷ್ಟು ಜಿಬಿ ಅಂತ. ಬರೀ ಅಕ್ಷರದ ಪುಸ್ತಕಗಳಿಗೆ 8 ಜಿಬಿ ಧಾರಾಳ ಸಾಕು. ನಾನು ಮೊದಲು ನೋಡುವುದು ಒತ್ತಕ್ಷರ ಸರಿಯಾಗಿ ಮೂಡುತ್ತದೆಯೇ ಅಂತ.

ಅಂಗಡಿಯಲ್ಲಿ ಇಂಗ್ಲಿಷ್ ಪುಟ ತೋರಿಸುತ್ತಾರೆ. ಅದನ್ನು ನೋಡಿ ಒಪ್ಪಬೇಡಿ. ನಿಮ್ಮದೇ ಕನ್ನಡ ಇಪಬ್ (ಇ-ಪುಸ್ತಕದ) ಫೈಲ್ ಒಯ್ಯಿರಿ. ಅದರಲ್ಲಿ ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಸೂರ್ಯ’ ಇರಲಿ. ಖಾಲಿ ಚೌಕಗಳು ಬಂದರೆ ಕನ್ನಡ ಫಾಂಟ್ ಹಾಕಿ ನೋಡಿ. ಚೌಕ ಹೋಗಿಯೂ ಒತ್ತು ಬಿಡಿಬಿಡಿಯಾಗಿ ನಿಂತರೆ ಆ ಮೆಷಿನ್ ಬೇಡವೇ ಬೇಡ. ಫಾಂಟ್ ಒಂದಿದ್ದರೆ ಸಾಲದು, ಅಕ್ಷರ ಜೋಡಿಸುವ ಸಾಫ್ಟ್‌ವೇರ್ ಕೂಡ ಒಳಗೆ ಇರಬೇಕು. ಪರದೆ ಇಂಚಿಗೆ 300 ಚುಕ್ಕಿಯದ್ದಾದರೆ ಸಣ್ಣ ಒತ್ತೂ ಚೊಕ್ಕ ಕಾಣುತ್ತದೆ. 167 ಚುಕ್ಕಿಯದರಲ್ಲಿ ಹಿರಿಯರ ಕಣ್ಣು ಬೇಗ ಸೋಲುತ್ತದೆ.

ನಿಮ್ಮಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಜಾಸ್ತಿಯಿದ್ದರೆ 6 ಇಂಚಿನದು ಸುಮ್ನೆ ದಂಡ. ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ. ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆಯುತ್ತಾ ಯಾರು ಓದುತ್ತಾರೆ? 10 ಇಂಚಿನದನ್ನೇ ನೋಡಿ, ಅದೇ ದುಡ್ಡಿಗೆ ಎರಡು ಮೆಷಿನ್ ಕಡಿಮೆ ಬಂದರೂ ಚಿಂತೆಯಿಲ್ಲ.

ಒಳಗೆ ಏನು ತುಂಬುವುದು? ಸ್ವಂತಕ್ಕೆಂದು ಕೊಂಡ ಇ-ಪುಸ್ತಕವನ್ನು ಎರವಲು ಕೊಡಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಆದರೆ ನಮ್ಮದೇ ಕರಾವಳಿಯ ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಲೇಖಕರು ತೀರಿ 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಅವರು ಬದುಕಿದ್ದಾಗ ಅಚ್ಚಾದ ಕತೆಗಳನ್ನು ಧೈರ್ಯವಾಗಿ ಹಾಕಬಹುದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ ಜಾಲತಾಣದಲ್ಲಿ ಕನ್ನಡ ಮಕ್ಕಳ ಕತೆಗಳು ಉಚಿತವಾಗಿ ಸಿಗುತ್ತವೆ. ಅವುಗಳ ಬಣ್ಣದ ಚಿತ್ರ ಕಪ್ಪು-ಬಿಳುಪು ಪರದೆಯಲ್ಲಿ ಮಂಕಾಗುತ್ತದೆ ಅಲ್ವಾ? ಪುಟಾಣಿಗಳಿಗೆ ಕಾಗದದ ಪುಸ್ತಕವೇ ಕೊಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗೆ ಐಪಿಎಕ್ಸ್8 ದರ್ಜೆಯದು (ನೀರಲ್ಲಿ ಮುಳುಗಿಸಿ ಪರೀಕ್ಷಿಸಿದ್ದು) ಒಳ್ಳೆಯದು. ಆದರೆ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಮಲ್ಪೆ, ಪಣಂಬೂರಿನ ಉಪ್ಪುನೀರಿಗೆ ಅದನ್ನು ನಂಬಬೇಡಿ. ಗಟ್ಟಿ ಕವರ್ ಖಂಡಿತ ಬೇಕು. ಶಾಲೆ ಚೀಲದಲ್ಲಿ ಟಿಫಿನ್ ಡಬ್ಬಿ ಒತ್ತಿದರೂ ಪರದೆಯ ಒಳಗಿನ ತೆಳು ಗಾಜು ಬಿರುಕು ಬಿಡಬಹುದು. ಚಾರ್ಜರ್ ಟೈಪ್-ಸಿ ಆಗಿರಲಿ, ಈಗಿನ ಹೆಚ್ಚಿನ ಮನೆಗಳಲ್ಲಿ ಫೋನಿನದೇ ಇರುತ್ತದೆ.

ಕೊಡುವ ಮುನ್ನ ಇ-ರೀಡರ್‌ನಲ್ಲಿ ಪುಸ್ತಕ ಕೊಳ್ಳುವ ಖಾತೆಯಿಂದ ಬ್ಯಾಂಕ್ ಕಾರ್ಡ್ ವಿವರ ತೆಗೆಯಿರಿ. ವಾಪಸ್ ಬಂದಾಗ ಹಿಂದಿನವರ ಗೆರೆ, ಟಿಪ್ಪಣಿ, ಹುಡುಕಿದ ಪದಗಳನ್ನೆಲ್ಲ ಅಳಿಸಿ. ಒಂದು ಮನೆಯವರು ಏನು ಓದಿದರು ಎಂಬುದು ಇನ್ನೊಂದು ಮನೆಗೆ ತಿಳಿಯಬಾರದು.