ಸೋರುವ ರಕ್ತನಾಳ, ಸಾಯುವ ನರಕೋಶ

ಎಎಲ್‌ಎಸ್ ಎಂಬ ನರರೋಗ ಶುರುವಾದಾಗ ಕೈಯಲ್ಲಿದ್ದ ಲೋಟ ಜಾರಬಹುದು, ಇಲ್ಲವೇ ನಡೆಯುವಾಗ ಕಾಲು ತೊಡರಬಹುದು. ಆಮೇಲೆ ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟಕ್ಕೇ ತೊಂದರೆ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಮಿದುಳು ಮತ್ತು ಬೆನ್ನುಹುರಿಯಲ್ಲಿ ಸಾಯುತ್ತಾ ಹೋಗುವುದೇ ಇದಕ್ಕೆಲ್ಲ ಕಾರಣ. ಹೆಚ್ಚಿನವರು ಲಕ್ಷಣ ಕಾಣಿಸಿದ 2ರಿಂದ 5 ವರ್ಷಗಳಲ್ಲಿ ತೀರಿಕೊಳ್ಳುತ್ತಾರೆ. 1995ರಲ್ಲಿ ಬಂದ ರಿಲುಝೋಲ್ ಮಾತ್ರೆಯಿಂದ ಸಿಗುವುದು ಕೆಲವು ತಿಂಗಳಷ್ಟೇ.

ಸಾಯುವುದು ನರಕೋಶ ಅಂದಮೇಲೆ ಎಲ್ಲರ ಕಣ್ಣೂ ಅದರ ಮೇಲೇ ಇದ್ದದ್ದು ಸಹಜ, ಅಲ್ವಾ? ಆದರೆ ಪಕ್ಕದಲ್ಲೇ ಹರಿಯುವ ರಕ್ತನಾಳವನ್ನೂ ನೋಡಬೇಕು.

ಮಿದುಳು ಮತ್ತು ಬೆನ್ನುಹುರಿಯ ಸಣ್ಣ ರಕ್ತನಾಳಗಳ ಗೋಡೆ ವಿಶೇಷವಾದದ್ದು. ಅದರ ಒಳಪದರದ ಎಂಡೋಥೀಲಿಯಲ್ ಕೋಶಗಳು ಸಂದಿಲ್ಲದಂತೆ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಹೊರಗಿನಿಂದ ಪೆರಿಸೈಟ್ ಮತ್ತು ಆಸ್ಟ್ರೋಸೈಟ್ ಎಂಬ ಕೋಶಗಳ ಆಸರೆ. ಆಮ್ಲಜನಕ, ಸಕ್ಕರೆ ಗೋಡೆ ದಾಟಿ ಮಿದುಳು, ಬೆನ್ನುಹುರಿಗೆ ಹೋಗುತ್ತವೆ. ರಕ್ತದ ಕೆಂಪು ಕಣಗಳು ಮತ್ತು ಹೆಚ್ಚಿನ ಪ್ರೋಟೀನುಗಳು ರಕ್ತನಾಳದಲ್ಲೇ ಉಳಿಯುತ್ತವೆ.

ಎಎಲ್‌ಎಸ್‌ನಲ್ಲಿ ಈ ತಡೆಯೇ ಕೆಡುತ್ತದೆ. ಎಎಲ್‌ಎಸ್ ತರಬಲ್ಲ, ಎಸ್‌ಒಡಿ1 ಎಂಬ ಜೀನ್‌ನ ದೋಷವುಳ್ಳ ಇಲಿಗಳಲ್ಲಿ ನರಕೋಶ ಸಾಯುವುದಕ್ಕೂ ಮೊದಲೇ ಬೆನ್ನುಹುರಿಯ ರಕ್ತನಾಳಗಳು ಸೋರುತ್ತವೆ ಎಂದು 2008ರಲ್ಲಿ ಗೊತ್ತಾಯಿತು. ಹೀಗೆ ಸೋರಿದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವಿದೆ. ಅದು ನರಕೋಶಕ್ಕೆ ವಿಷ. ತೀರಿಕೊಂಡ ರೋಗಿಗಳ ಬೆನ್ನುಹುರಿಯಲ್ಲೂ ಇಂಥ ಸೋರಿಕೆಯ ಗುರುತು ಸಿಕ್ಕಿದೆ. ಆದರೆ ಸತ್ತ ಮೇಲೆ ನೋಡಿದಾಗ ಯಾವುದು ಮೊದಲು ಕೆಟ್ಟಿತು ಎಂದು ಹೇಳಲಾಗದು.

ಸೂರು ಸೋರುತ್ತಿರುವಾಗ ನೆಲ ಒರೆಸುತ್ತಾ ಕೂತರೆ ಏನು ಬಂತು? ಅಮೆರಿಕದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಸ್ವಿಟ್ಲಾನಾ ಗಾರ್ಬುಝೋವಾ-ಡೇವಿಸ್ ತಂಡ ಗೋಡೆಯನ್ನೇ ರಿಪೇರಿ ಮಾಡಲು ಹೊರಟಿತು. ಮನುಷ್ಯರ ಮೂಳೆ ಮಜ್ಜೆಯಿಂದ ತೆಗೆದ ಸಿಡಿ34 ಎಂಬ ಪ್ರೋಟೀನಿನ ಗುರುತಿರುವ ಆಕರಕೋಶಗಳನ್ನು (ಸ್ಟೆಮ್ ಸೆಲ್), ಆಗಲೇ ಕಾಯಿಲೆ ಕಾಣಿಸಿಕೊಂಡಿದ್ದ ಇಲಿಗಳ ರಕ್ತನಾಳಕ್ಕೆ ಚುಚ್ಚಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, 10 ಲಕ್ಷ ಕೋಶ ಪಡೆದ ಇಲಿಗಳಲ್ಲಿ ಸೋರಿಕೆ ಕಡಿಮೆಯಾಯಿತು, ಕಾಯಿಲೆಯ ವೇಗ ತಗ್ಗಿತು. ಕೋಶಗಳು ರಕ್ತನಾಳಗಳಲ್ಲೇ ನೆಲೆಯೂರಿದ್ದವು. ಸತ್ತ ನರಕೋಶದ ಜಾಗದಲ್ಲಿ ಹೊಸದನ್ನು ನೆಡುವ ಆಸೆ ದೊಡ್ಡದು, ದಾರಿಯೂ ಜಾಸ್ತಿ ಕಠಿಣ. ಹೊಸ ನರಕೋಶ ಬೆನ್ನುಹುರಿಯಿಂದ ಪಾದದವರೆಗೆ ತಂತು ಬೆಳೆಸಬೇಕು. ರಕ್ತನಾಳದ ಗೋಡೆ ಸರಿಮಾಡಿ ಉಳಿದ ನರಕೋಶಗಳನ್ನು ಕಾಯುವ ಗುರಿ ನನಗೆ ಹೆಚ್ಚು ಕೈಗೆಟಕುವಂತೆ ಕಾಣುತ್ತದೆ.

ಆದರೆ ಇದು ಇಲಿಗಳ ಮಾತು. ಇಲಿಯಲ್ಲಿ ಫಲ ಕೊಟ್ಟು ಮನುಷ್ಯರಲ್ಲಿ ಸೋತ ಎಎಲ್‌ಎಸ್ ಔಷಧಿಗಳು ಎಷ್ಟೋ ಇವೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಈ ಕಾಯಿಲೆಯವರು ದೂರದೂರದಿಂದ ಬರುತ್ತಾರೆ. ದಿಕ್ಕುತೋಚದ ಇಂಥ ಮನೆಯವರಿಗೇ 'ಸ್ಟೆಮ್ ಸೆಲ್' ಜಾಹೀರಾತು ಬೇಗ ತಾಗುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಅನುಮತಿ ಪಡೆದ ಪ್ರಯೋಗದ ಹೊರಗೆ ಈ ಕಾಯಿಲೆಗೆ ಸ್ಟೆಮ್ ಸೆಲ್ ಚಿಕಿತ್ಸೆ ಕೊಡುವುದು ಸರಿಯಲ್ಲ. ಪ್ರಯೋಗ ಎಂದು ಯಾರಾದರೂ ಹೇಳಿದರೆ ಅದು ದೇಶದ ವೈದ್ಯಕೀಯ ಪ್ರಯೋಗಗಳ ಪಟ್ಟಿಯಾದ ಸಿಟಿಆರ್‌ಐ ನೋಂದಣಿಯಲ್ಲಿದೆಯೇ ನೋಡಿ. ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪುಕ್ಕಟೆ ಹುಡುಕಬಹುದು. ನಿಜವಾದ ಪ್ರಯೋಗದಲ್ಲಿ ಆ ಚುಚ್ಚುಮದ್ದಿಗಾಗಿ ರೋಗಿಯಿಂದ ದುಡ್ಡು ಕೇಳುವ ಹಾಗಿಲ್ಲ.