ಬಟ್ಟೆ ಕೊಲಾಜ್: ಬಂಡೆಯ ಒರಟು, ಕೋಟೆಯ ತೆನೆ, ಲೇಸು ಮತ್ತು ಕನ್ನಡಿ

ಬಟ್ಟೆ ಕೊಲಾಜ್ ಎಂದರೆ ಬಗೆಬಗೆಯ ಬಟ್ಟೆ ತುಂಡುಗಳನ್ನು ತಳದ ಬಟ್ಟೆಯ ಮೇಲೆ ಹೊಲಿದು ಮಾಡುವ ಚಿತ್ರ. ಚಿತ್ರದುರ್ಗದ ಕೋಟೆಯನ್ನೇ ಅಭ್ಯಾಸದ ಚಿತ್ರವಾಗಿ ಇಟ್ಟುಕೊಳ್ಳೋಣ. ಹಿಂದೆ ಆಕಾಶ, ನಡುವೆ ಬಂಡೆಗಳು, ಮುಂದೆ ಗೋಡೆ. ಅಳತೆ 12×16 ಇಂಚು. ತಳಕ್ಕೆ ದಪ್ಪ ಕಾಟನ್ ಬೇಕು, ನಾಲ್ಕೂ ಕಡೆ 2 ಇಂಚು ಹೆಚ್ಚಿರಲಿ. ಹೊಲಿಯುತ್ತ ಹೋದಂತೆ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹೆಚ್ಚುವರಿ ಬಿಡದಿದ್ದರೆ ಚೌಕಟ್ಟಿಗೆ ಏರಿಸುವಾಗ ಅಂಚು ಸಾಲದು.

ಚಪ್ಪಟೆ ತುಂಡುಗಳು ಮೊದಲು, ಉಬ್ಬಿದವು ಆಮೇಲೆ, ಮಣಿ-ಕನ್ನಡಿ ಕೊನೆಗೆ. ಗಟ್ಟಿ ವಸ್ತು ಕೂತ ಮೇಲೆ ಇಸ್ತ್ರಿ ಸರಿಯಾಗಿ ಆಡದು, ಆದ್ದರಿಂದ ಈ ಕ್ರಮ ತಪ್ಪಿಸಬೇಡಿ.

ಈ ಚಿತ್ರದ ಜೀವ ಬಂಡೆಯಲ್ಲಿದೆ. ದೂರದ ಬಂಡೆಗಳಿಗೆ ಸುಕ್ಕು ಹಿಡಿಸಿದ ಕಾಟನ್ ಸಾಕು: ಬೇಕಾದ ಅಳತೆಯ ಒಂದೂವರೆ ಪಟ್ಟು ಬಟ್ಟೆ ತೆಗೆದುಕೊಂಡು, ಒದ್ದೆ ಮಾಡಿ, ಹಗ್ಗದಂತೆ ಹುರಿ ಮಾಡಿ ದಾರ ಕಟ್ಟಿ. ಪೂರ್ತಿ ಒಣಗಿದ ಮೇಲೆಯೇ ಬಿಚ್ಚಬೇಕು. ತೇವ ಉಳಿದಿದ್ದರೆ ಸುಕ್ಕು ನಿಲ್ಲದು. ಹಿಂಬದಿಗೆ ಅಂಟುವ ಬಕ್ರಂ (ಕಾಲರಿನೊಳಗೆ ಇಡುವಂಥ ಗಟ್ಟಿ ಬಟ್ಟೆ) ಹಾಕಿದರೆ ಮಡಿಕೆಗಳು ಅಲ್ಲೇ ಉಳಿಯುತ್ತವೆ. ಮುಂದಿನ ಬಂಡೆಗೆ ಚಳ್ಳಕೆರೆ ಕಡೆಯ ಕುರಿ ಕಂಬಳಿಯ ತುಂಡಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಕಪ್ಪು, ಬೂದು, ಕಂದು ಎಳೆಗಳು ಒಟ್ಟಿಗೇ ಇರುತ್ತವೆ. ಹೊಸ ಕಂಬಳಿಯನ್ನು ತೊಳೆಯಬೇಡಿ. ನೇಯುವಾಗ ಉದ್ದದ ಎಳೆಗಳಿಗೆ ಹಚ್ಚಿದ ಹುಣಸೆ ಬೀಜದ ಗಂಜಿ ನೀರಿಗೆ ಬಿಟ್ಟುಕೊಂಡು ತುಂಡು ಮೆತ್ತಗಾಗುತ್ತದೆ, ಅಂಚಿನ ಎಳೆ ಬೇಗ ಬಿಚ್ಚುತ್ತದೆ. ಉಬ್ಬು ಬೇಕೆಂದರೆ ಮುಕ್ಕಾಲು ಸುತ್ತು ಹೊಲಿದು, ಉಳಿದ ಬಾಯಿಯಿಂದ ಹತ್ತಿ ತುಂಬಿ ಮುಚ್ಚಿ. ಬಿಗಿಯಾಗಿ ತುರುಕಿದರೆ ತಳದ ಬಟ್ಟೆ ಸುಕ್ಕಾಗುತ್ತದೆ. ಬೆರಳಿಂದ ಒತ್ತಿದಾಗ ತಗ್ಗಿ ಮತ್ತೆ ಏಳುವಷ್ಟು ಸಾಕು.

ಗೋಡೆಯ ತೆನೆಗೆ, ಅಂದರೆ ಮೇಲಂಚಿನ ಹಲ್ಲಿನಂಥ ಸಾಲಿಗೆ, ಜಿಗ್‌ಜಾಗ್ ಲೇಸು. ಅದನ್ನು ಗೋಡೆಯ ಮೇಲಂಚಿನ ಹಿಂದೆ ಅರ್ಧ ಅಡಗಿಸಿ ಹೊಲಿದರೆ ಮೇಲಿನ ಮೊನೆಗಳಷ್ಟೇ ಸಾಲಾಗಿ ಕಾಣುತ್ತವೆ. ಕಾಟನ್ ಲೇಸನ್ನು ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ. ಹಾಗೇ ಹೊಲಿದು ಆಮೇಲೆ ಒದ್ದೆಯಾದರೆ ಲೇಸು ಕುಗ್ಗಿ ಗೋಡೆ ಸೊಟ್ಟಗಾಗುತ್ತದೆ. ಗೋಡೆ ಬಳುಕುವಲ್ಲಿ ನೇರ ಲೇಸು ಮಲಗುವುದಿಲ್ಲ. ಒಳಬದಿಯ ಅಂಚಿಗೆ ಕಚ್ಚಾ ಹೊಲಿಗೆ ಹಾಕಿ ದಾರವನ್ನು ಮೆಲ್ಲಗೆ ಎಳೆದು ನೆರಿಗೆ ಹಿಡಿಯಿರಿ, ಇಲ್ಲವೇ ಓರೆಯಾಗಿ, 45 ಡಿಗ್ರಿಯಲ್ಲಿ, ಕತ್ತರಿಸಿದ ಬಟ್ಟೆಪಟ್ಟಿ ಬಳಸಿ. ಎರಡೂ ತುದಿಗೆ ಒಂದೊಂದು ಇಂಚು ಮಡಿಸಲು ಉಳಿಸಿಕೊಳ್ಳಿ.

ಮೊಳಕಾಲ್ಮೂರು ಸೀರೆಯ ಜರಿ ಅಂಚಿನ ಚೂರು ಸಿಕ್ಕರೆ ಸಂಜೆಬಿಸಿಲು ಬೀಳುವ ಒಂದೇ ಕಡೆ ಇಡಿ. ಹೊಳಪು ಕಣ್ಣನ್ನು ಮುಂದಕ್ಕೆ ಎಳೆಯುತ್ತದೆ. ಆಕಾಶದ ತುಂಬ ಹಾಕಿದರೆ ಬಂಡೆಗಳೇ ಹಿಂದೆ ಸರಿದಂತೆ ಕಾಣುತ್ತವೆ. ಇಸ್ತ್ರಿ ಹಿಂಬದಿಯಿಂದ, ಕಡಿಮೆ ಬಿಸಿಯಲ್ಲಿ.

ಚಿತ್ರದಲ್ಲಿ ಕೋಟೆಯ ಹೊಂಡವನ್ನೂ ತೋರಿಸುವುದಾದರೆ ಅದರ ನೀರಿಗೆ ಲಂಬಾಣಿ ಉಡುಪಿನಲ್ಲಿರುವಂಥ ಕನ್ನಡಿ ಚೆನ್ನಾಗಿ ಒಪ್ಪುತ್ತದೆ. ಅದಕ್ಕೆ ತೂತಿರುವುದಿಲ್ಲ, ದಾರದ ಬಲೆಯೇ ಹಿಡಿದಿಡಬೇಕು. ಅಡ್ಡ ಎರಡು, ಉದ್ದ ಎರಡು ಎಳೆ ಬಿಗಿದು, ಅದರ ಮೇಲೆ ಓರೆಯಾಗಿ ಇನ್ನೊಂದು ಚೌಕ ಹಾಕಿ. ಆಮೇಲೆ ಸುತ್ತಲೂ ಕಾಜಾ ಹೊಲಿಗೆ ಹಾಕುತ್ತ ಬಲೆಯನ್ನು ಅಂಚಿಗೆ ಎಳೆಯಿರಿ. ಮೊದಲ ಎಳೆಗಳನ್ನೇ ಅಂಚಿಗೆ ತೀರಾ ಹತ್ತಿರ ಹಾಕಿದರೆ ಎಳೆದಾಗ ಅವು ಜಾರಿ ಕನ್ನಡಿ ಕಳಚುತ್ತದೆ.

ಫೆವಿಕಾಲ್ ಆದಷ್ಟು ಕಡಿಮೆ ಇರಲಿ. ತೆಳು ಬಟ್ಟೆಯಲ್ಲಿ ಕಲೆ ಮೇಲೆ ಬರುತ್ತದೆ, ಒಣಗಿದ ಜಾಗದಲ್ಲಿ ಸೂಜಿ ಇಳಿಯದು. ಗೋಣಿತಾಟಿಗೆ ಮಾತ್ರ ಅದು ಬೇಕು: ಸಮಪಾಲು ನೀರು ಬೆರೆಸಿ ಕತ್ತರಿಸುವ ಗೆರೆಯ ಮೇಲೆ ಬಳಿದು, ಒಣಗಿದ ಮೇಲೆ ಕತ್ತರಿ ಹಾಕಿದರೆ ನಾರು ಉದುರುವುದಿಲ್ಲ.